ನಮ್ಮೂರಿನ ರೇಡಿಯೋ ಮಾರಿಬಿಟ್ಟರು. ಹೀಗೆ ಮಾರಬಹುದಾ?

ಭಾನುವಾರದ ದನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಹೇಳಿಕೊಳ್ಳೋಕೆ ಆಗಿಲ್ಲ.

ನಾನಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿನ ಸಮುದಾಯ ರೇಡಿಯೋದಲ್ಲಿ ಹನ್ನೊಂದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಒಂದು ಕನ್ನಡ ಕಾರ್ಯಕ್ರಮ ನಡೆಸಿದೆ. ಸಂಬಳ ಗಿಂಬಳ ಇಲ್ಲ. ಭಾವಗೀತೆ, ವಚನ, ಹಳೆಯ ಸಿನಿಮಾ ಹಾಡು, ಮಧ್ಯೆ ಇಂಗ್ಲಿಷಿನಲ್ಲಿ ನಾಲ್ಕು ಮಾತು. ನನಗಿಂತ ಮುಂಚೆ ಒಬ್ಬ ನಿವೃತ್ತ ಬಸ್ ಡ್ರೈವರ್ ಪೋಲ್ಕಾ ಅನ್ನುವ ಯುರೋಪಿನ ಕುಣಿತದ ಸಂಗೀತ ಹಾಕುತ್ತಿದ್ದರು. ನನ್ನ ನಂತರ ಇಬ್ಬರು ಹೈಸ್ಕೂಲು ಹುಡುಗಿಯರು. ಅವರು ಹಾಕುತ್ತಿದ್ದುದು ಏನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೆ ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ತಪ್ಪದೆ ಕೇಳುತ್ತಿದ್ದೆ.

ಮೊನ್ನೆ ಗುರುವಾರ ಸಂಜೆ ಒಂದು ಇಮೇಲ್ ಬಂತು. ಲೈಸೆನ್ಸ್ ಹೊಂದಿದ್ದ ಸಂಸ್ಥೆ ಸ್ಟೇಷನ್ ಅನ್ನು ಮಾರಲು ಒಪ್ಪಂದ ಮಾಡಿಕೊಂಡಿದೆಯಂತೆ. ಭಾನುವಾರ ಬರುವುದು ಬೇಡ. ಕೀಲಿಕೈ ಇದ್ದವರು ಲಕೋಟೆಯಲ್ಲಿ ಹಾಕಿ ಬಾಗಿಲ ಸಂದಿಯಲ್ಲಿ ತೂರಿಸಿ. ನಿಮ್ಮ ಸೇವೆಗೆ ಧನ್ಯವಾದ. ಅಷ್ಟೇ. ಆರು ಸಾಲು.

ಶನಿವಾರ ಮಧ್ಯರಾತ್ರಿಯಿಂದ ಅದೇ ನಂಬರಿನಲ್ಲಿ ಬೇರೆ ಯಾವುದೋ ರಾಜ್ಯದ ದೊಡ್ಡ ಜಾಲವೊಂದರ ಹಾಡುಗಳು ಬರುತ್ತಿವೆ. ಇಪ್ಪತ್ನಾಲ್ಕು ಗಂಟೆ, ಒಂದೇ ಥರ, ಉಪಗ್ರಹದಿಂದ ಇಳಿದದ್ದು. ಅವರ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಕೇಳುವವರು ಇದ್ದಾರೆ, ಕೇಳಲಿ. ನನ್ನ ಪ್ರಶ್ನೆ ಬೇರೆ. ಇದನ್ನು ಹೀಗೆ ಮಾರಬಹುದಾ? ಒಂದು ಊರಿನವರು ಸೇರಿ ಮೂವತ್ತು ವರ್ಷ ನಡೆಸಿದ್ದು. ಕಾರ್ಪೆಟ್ಟು ಹಾಸಿದ್ದು ನಾವು, ಮೈಕ್ ಕೊಂಡಿದ್ದು ನಾವು. ಸಿಡಿ ಪ್ಲೇಯರಿನ ಟ್ರೇ ಹೊರಗೆ ಬರದಿದ್ದರೆ ಪೇಪರ್ ಕ್ಲಿಪ್ ಚುಚ್ಚಿ ತೆಗೆಯುವುದು ಹೇಗೆ ಅಂತ ಗೊತ್ತಿದ್ದದ್ದೂ ನಮಗೇ. ಮಾರಿದವರಲ್ಲಿ ಎಷ್ಟು ಜನ ಆ ಸ್ಟುಡಿಯೋ ಒಳಗೆ ಕಾಲಿಟ್ಟಿದ್ದರೋ ಗೊತ್ತಿಲ್ಲ.

ಇಲ್ಲಿ ರೇಡಿಯೋ ಗೊತ್ತಿರುವವರು ಕೆಲವರಿದ್ದೀರಿ ಅಂತ ಕೇಳುತ್ತಿದ್ದೇನೆ.

ಬೆಳಗಿನ ಬಸ್ಸು

ಅಯ್ಯೋ ಮೇಡಂ, ಓದಿ ಹೊಟ್ಟೆ ಚುರ್ ಅಂತು. ಆರು ಸಾಲಿನ ಇಮೇಲಾ?

ಟವರ್ ಕೆಳಗಿನವ

ಮೇಡಂ, ನಾನು ಬ್ರಾಡ್‌ಕಾಸ್ಟ್ ಎಂಜಿನಿಯರ್. ಅಲ್ಲೂ ಕೆಲಸ ಮಾಡಿದ್ದೇನೆ, ಈಗ ವಾಪಸ್ ಬಂದಿದ್ದೇನೆ. ನಿಮಗೆ ಇಷ್ಟವಾಗದ ಉತ್ತರ ಕೊಡಬೇಕಾಗಿದೆ. ಮಾರಬಹುದು.

ಕಾನೂನಿನ ಕಣ್ಣಿಗೆ ನಿಮ್ಮ ಕಾರ್ಪೆಟ್ಟು, ಮೈಕು, ಪೋಲ್ಕಾ ಯಾವುದೂ ಕಾಣುವುದಿಲ್ಲ. ಅಲ್ಲಿ ಬೆಲೆ ಇರುವುದು ಎಫ್‌ಎಂ ಡಯಲ್ಲಿನ ಆ ಒಂದು ಜಾಗಕ್ಕೆ. ಅಮೆರಿಕದಲ್ಲಿ ಜಾಹೀರಾತಿಲ್ಲದ ಸ್ಟೇಷನ್ನುಗಳಿಗೆ ಅಂತ 88ರಿಂದ 92 ಮೆಗಾಹರ್ಟ್ಜ್ ಒಳಗೆ ಜಾಗ ಎತ್ತಿಟ್ಟಿದ್ದಾರೆ. ಒಟ್ಟು ಇಪ್ಪತ್ತು ಚಾನೆಲ್. ದೊಡ್ಡ ಊರುಗಳ ಸುತ್ತ ಅದು ಯಾವತ್ತೋ ಭರ್ತಿಯಾಗಿದೆ. ಹೊಸದಾಗಿ ಕೇಳಿದರೆ ಸಿಗುವುದಿಲ್ಲ. ಹಾಗಾಗಿ ಯಾರಾದರೂ ಮಾರುವವರು ಸಿಗಬೇಕು. ಕಷ್ಟದಲ್ಲಿರುವ ಕಾಲೇಜು, ಸಾಲದಲ್ಲಿರುವ ಸಂಸ್ಥೆ ಕಂಡರೆ ದಲ್ಲಾಳಿಗಳು ತಾವೇ ಫೋನ್ ಮಾಡುತ್ತಾರೆ.

ಲೈಸೆನ್ಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಎಫ್‌ಸಿಸಿ, ಅಂದರೆ ಅಲ್ಲಿ ರೇಡಿಯೋ ಟಿವಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಆಯೋಗ, ಒಪ್ಪಬೇಕು, ಅದು ನಿಜ. ಅರ್ಜಿ ಬಂದಿದೆ ಅಂತ ಪ್ರಕಟಣೆ ಹೊರಡುತ್ತೆ, 30 ದಿನದೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಆದರೆ ಒಪ್ಪಿಗೆ ಬರುವ ಮುಂಚೆಯೇ ಪ್ರಸಾರದ ಹೊತ್ತನ್ನು ಕೊಳ್ಳುವವರ ಕೈಗೆ ಕೊಡುವ ಒಪ್ಪಂದವೂ ಇರುತ್ತೆ. ನಿಮಗೆ ಆಗಿರುವುದು ಅದೇ ಅಂತ ಕಾಣುತ್ತೆ. ಲೈಸೆನ್ಸ್ ಇನ್ನೂ ಹಳಬರ ಹೆಸರಲ್ಲೇ ಇರಬಹುದು, ದನಿ ಮಾತ್ರ ಹೊಸಬರದು.

2011ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಕೆಯುಎಸ್‌ಎಫ್ ಸ್ಟೇಷನ್ನಿಗೆ ಆಗಿದ್ದೂ ಇದೇ. ಬೆಳಿಗ್ಗೆ ಹತ್ತು ಗಂಟೆಗೆ ಪ್ರಸಾರ ಕಟ್. ವಿಶ್ವವಿದ್ಯಾಲಯ ತನ್ನ 90.3ನ್ನು 37.5 ಲಕ್ಷ ಡಾಲರಿಗೆ ಶಾಸ್ತ್ರೀಯ ಸಂಗೀತದ ಜಾಲವೊಂದಕ್ಕೆ ಮಾರಿತ್ತು. ಸ್ವಯಂಸೇವಕರು ಎಫ್‌ಸಿಸಿ ತನಕ ಹೋದರು. ಒಪ್ಪಂದದಲ್ಲಿ ಕೊರತೆ ಇತ್ತು ಅಂತ ಎಫ್‌ಸಿಸಿಯವರು 50,000 ಡಾಲರ್ ಕಟ್ಟಿಸಿಕೊಂಡರು, 2012ರಲ್ಲಿ ಮಾರಾಟಕ್ಕೆ ಒಪ್ಪಿಗೆಯನ್ನೂ ಕೊಟ್ಟರು.

ಭಾನುವಾರದ ದನಿ

ಅಂದರೆ ತಕರಾರಿನಲ್ಲಿ "ಕಾರ್ಯಕ್ರಮ ಬದಲಾಯಿಸಿದರು" ಅಂತ ಬರೆದರೆ ಏನೂ ಪ್ರಯೋಜನ ಇಲ್ವಾ?

ಟವರ್ ಕೆಳಗಿನವ

ಇಲ್ಲ. ಅದಕ್ಕೊಂದು ದೊಡ್ಡ ಕಥೆ ಇದೆ. ನ್ಯೂಯಾರ್ಕಿನಲ್ಲಿ ಡಬ್ಲ್ಯುಎನ್‌ಸಿಎನ್ ಅಂತ ಶಾಸ್ತ್ರೀಯ ಸಂಗೀತದ ಸ್ಟೇಷನ್ ಇತ್ತು. 1974ರಲ್ಲಿ ರಾಕ್ ಮಾಡಿದರು. ಕೇಳುಗರು ಸಂಘ ಕಟ್ಟಿಕೊಂಡು ಹೋರಾಡಿದರು, ಮರುವರ್ಷ ಹಳೆಯ ಸಂಗೀತ ವಾಪಸ್ ಬಂತು. ಅಲ್ಲಿಗೆ ಮುಗಿಯಲಿಲ್ಲ. ಸ್ಟೇಷನ್ ಯಾವ ಥರದ ಸಂಗೀತ ಹಾಕಬೇಕು ಅನ್ನುವುದನ್ನು ಎಫ್‌ಸಿಸಿ ಪರಿಶೀಲಿಸಬೇಕಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1981ರಲ್ಲಿ ತೀರ್ಪು ಬಂತು. ಅದನ್ನು ಮಾರುಕಟ್ಟೆಗೆ ಬಿಡುತ್ತೇವೆ ಅಂತ ಎಫ್‌ಸಿಸಿ ತೀರ್ಮಾನಿಸಿದರೆ ತಪ್ಪಿಲ್ಲ ಅಂತ. ಆವತ್ತಿನಿಂದ ಧಾಟಿ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಮಾರಾಟ ನಿಲ್ಲಿಸುವ ದಾರಿ ಮುಚ್ಚಿಹೋಯಿತು. ಅದೇ ಸ್ಟೇಷನ್ 1993ರಲ್ಲಿ ಮತ್ತೆ ರಾಕ್ ಆಯಿತು. ಆಗ ತಡೆಯೋಕೆ ಯಾವ ಕಾನೂನೂ ಕೈಯಲ್ಲಿರಲಿಲ್ಲ.

ನೀವು ನೋಡಬೇಕಾದ್ದು ಬೇರೆ ಕಡೆ. ಮಾರಿದ ಸಂಸ್ಥೆಯ ನಿಯಮಾವಳಿ ತೆಗೆಸಿ ನೋಡಿ. ಆಡಳಿತ ಮಂಡಳಿ ಸಭೆ ಸರಿಯಾಗಿ ಕರೆದಿತ್ತಾ? ಸದಸ್ಯರ ಮತ ಬೇಕಿತ್ತಾ? ಕೆಲವು ರಾಜ್ಯಗಳಲ್ಲಿ ಲಾಭರಹಿತ ಸಂಸ್ಥೆ ತನ್ನ ಆಸ್ತಿಯನ್ನೆಲ್ಲ ಮಾರುವಾಗ ರಾಜ್ಯದ ಅಟಾರ್ನಿ ಜನರಲ್‌ಗೆ ತಿಳಿಸಬೇಕು. ಏನಾದರೂ ಸಿಕ್ಕರೆ ಅಲ್ಲೇ ಸಿಗಬೇಕು.

ನೇರಮಾತು

ಎಲ್ಲರೂ ಸಂತಾಪ ಹೇಳುತ್ತಿದ್ದೀರಿ, ನಾನೊಬ್ಬ ಕೆಟ್ಟವನಾಗುತ್ತೇನೆ. ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ವರ್ಷ ವರ್ಷ ನಿಮ್ಮ ಸ್ಟೇಷನ್ ದೇಣಿಗೆ ಕೇಳುತ್ತಿತ್ತು ಅಲ್ವಾ? ನಿಮ್ಮ ಗಂಟೆಯಲ್ಲಿ ಎಷ್ಟು ಜನ ಕೊಟ್ಟರು? ಸ್ಟೇಷನ್ ಮುಚ್ಚಿದಾಗ ಅಳುವವರು ಜಾಸ್ತಿ, ಕರೆಂಟ್ ಬಿಲ್ ಬಂದಾಗ ಕಾಣುವವರು ಕಮ್ಮಿ. ಮಾರಿದ ಸಂಸ್ಥೆಗೂ ಅದರದೇ ಲೆಕ್ಕ ಇರುತ್ತೆ. ಟ್ರಾನ್ಸ್‌ಮಿಟರ್ ಸುಟ್ಟರೆ ಪೋಲ್ಕಾ ಹಾಕುವವರು ಕಟ್ಟಿಕೊಡುತ್ತಾರಾ?

ಇನ್ನೊಂದು ಮಾತು. ಧಾಟಿ ಬದಲಾದರೆ ಅನ್ಯಾಯ ಅಂತ ಯಾಕೆ ಅಂದುಕೊಳ್ಳಬೇಕು? ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ, 91.1ರಲ್ಲಿ. ಆಗ ಅದರಲ್ಲಿ ಕೇಳುತ್ತಿದ್ದುದು ಜಾಸ್ತಿ ಹಿಂದಿಯೇ. ಆಮೇಲೆ ಕನ್ನಡವಾಯಿತು. ಆವತ್ತು ನಾವ್ಯಾರಾದರೂ ಹಿಂದಿ ಹಾಡು ಕೇಳುತ್ತಿದ್ದವರಿಗೆ ಸಂತಾಪ ಹೇಳಿದೆವಾ? ಖುಷಿಪಟ್ಟೆವು.

ಬೆಳಗಿನ ಬಸ್ಸು

ಅದೂ ಇದೂ ಒಂದೇನಾ ಸಾರ್? ಅದು ವ್ಯಾಪಾರಕ್ಕೆ ಅಂತಲೇ ಇದ್ದ ಸ್ಟೇಷನ್. ಹಿಂದಿ ಹಾಡು ಬೇಕಾದವರಿಗೆ ಇನ್ನೂ ಹತ್ತು ಕಡೆ ಸಿಗುತ್ತಿತ್ತು. ಮೇಡಂ ಊರಲ್ಲಿ ಪೋಲ್ಕಾ ಮುದುಕಪ್ಪನಿಗೆ ಇನ್ನೆಲ್ಲಿದೆ?

ಭಾನುವಾರದ ದನಿ

ನೇರಮಾತು ಅವರೇ, ಕೇಳಿದ್ದು ಸರಿಯಾಗಿಯೇ ಇದೆ. ಹೇಳಿಬಿಡುತ್ತೇನೆ. ಕಳೆದ ದೇಣಿಗೆ ವಾರದಲ್ಲಿ ನನ್ನ ಗಂಟೆಗೆ ಹದಿನಾಲ್ಕು ಜನ ಕೊಟ್ಟರು. ಅದರಲ್ಲಿ ಐದು ಜನ ನನ್ನ ಸ್ನೇಹಿತರು, ಒಬ್ಬರು ನನ್ನ ಗಂಡ. ಫೋನ್ ಪಕ್ಕ ಕೂತು, "ಈಗ ಕರೆ ಮಾಡಿ" ಅಂತ ಹೇಳಿ, ರಿಂಗ್ ಆಗದೆ ಇದ್ದಾಗ ಮುಖ ಸಣ್ಣಗೆ ಮಾಡಿಕೊಂಡು ಮುಂದಿನ ಹಾಡು ಹಾಕಿದ್ದೇನೆ. ಎಷ್ಟೋ ಸಲ.

ಆದರೆ ಕೊಡದವರೆಲ್ಲ ಕೇಳದವರಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ನರ್ಸ್ ಇದ್ದರು. ರಾತ್ರಿ ಪಾಳಿ ಮುಗಿಸಿ ಏಳೂಕಾಲಿಗೆ ಕಾರು ಹತ್ತುತ್ತಿದ್ದರು. ಕನ್ನಡ ಒಂದಕ್ಷರ ಬರುವುದಿಲ್ಲ. ಒಂದು ದಿನ ಸ್ಟುಡಿಯೋಗೆ ಫೋನ್ ಮಾಡಿ, "ಈಗ ಹಾಡಿದ ಹೆಂಗಸು ಏನೋ ಬೇಡಿಕೊಳ್ಳುತ್ತಿದ್ದಾಳೆ ಅನ್ನಿಸಿತು, ಏನು ಅದು?" ಅಂತ ಕೇಳಿದರು. ಅಕ್ಕಮಹಾದೇವಿಯ ವಚನ ಅದು. ಮೂರು ನಿಮಿಷದ ಹಾಡು ಓಡುತ್ತಿರುವಾಗ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡು, ಹನ್ನೆರಡನೇ ಶತಮಾನ, ಚೆನ್ನಮಲ್ಲಿಕಾರ್ಜುನ ಅಂತೆಲ್ಲ ಹೇಳಬೇಕಾಯಿತು. ಆಕೆ ಆಮೇಲೂ ಆಗಾಗ ಫೋನ್ ಮಾಡುತ್ತಿದ್ದರು. ದುಡ್ಡು ಯಾವತ್ತೂ ಕೊಟ್ಟಿಲ್ಲ. ಆ ಕರೆಯನ್ನು ಯಾವ ಲೆಕ್ಕದಲ್ಲಿ ಬರೆಯುತ್ತೀರಿ?

ಇಯರ್‌ಫೋನ್

ಅಕ್ಕಾ, ಪಾಡ್‌ಕಾಸ್ಟ್ ಮಾಡಿ. ಸೀರಿಯಸ್ಸಾಗಿ ಹೇಳುತ್ತಿದ್ದೇನೆ. ಒಂದು ಮೈಕ್, ಲ್ಯಾಪ್‌ಟಾಪ್ ಇದ್ದರೆ ಸಾಕು. ಲೈಸೆನ್ಸೂ ಬೇಡ, ಟವರೂ ಬೇಡ, ಯಾರೂ ಮಾರೋಕೂ ಆಗಲ್ಲ. ಊರಿನ ಇಪ್ಪತ್ತು ಮೈಲಿ ಒಳಗಿನವರು ಮಾತ್ರ ಅಲ್ಲ, ನಾವೂ ಕೇಳಬಹುದು. ನನ್ನ ವಯಸ್ಸಿನವರು ಎಫ್‌ಎಂ ಹಾಕುವುದು ಊಬರ್ ಡ್ರೈವರ್ ಹಾಕಿದಾಗ ಮಾತ್ರ.

ಭಾನುವಾರದ ದನಿ

ಮಾಡಬಹುದು ತಮ್ಮಾ. ಆದರೆ "ಕನ್ನಡ" ಅಂತ ಟೈಪ್ ಮಾಡಿ ಹುಡುಕುವವರಿಗೆ ಅದು ಸಿಗುತ್ತೆ. ಆ ನರ್ಸ್ ಏನಂತ ಹುಡುಕಬೇಕಿತ್ತು ಹೇಳು?

ಇಯರ್‌ಫೋನ್

ಹ್ಮ್. ಸರಿ, ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಇನ್ನೊಂದು ಅನುಮಾನ ಅಕ್ಕಾ. ಪಾಡ್‌ಕಾಸ್ಟಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕಿನ ಕಿರಿಕಿರಿ ಇದೆಯಾ?

ಟವರ್ ಕೆಳಗಿನವ

ಇದೆ. ರೇಡಿಯೋ ಸ್ಟೇಷನ್ನುಗಳು ಒಟ್ಟಾಗಿ ಸಂಗೀತದ ಪರವಾನಗಿ ತೆಗೆದುಕೊಂಡಿರುತ್ತವೆ, ಕಾರ್ಯಕ್ರಮ ಮಾಡುವವರು ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪಾಡ್‌ಕಾಸ್ಟ್ ಇಳಿಸಿಕೊಳ್ಳುವ ಕಡತ. ಅದರಲ್ಲಿ ಹಾಡು ಸೇರಿಸಬೇಕಾದರೆ ಒಂದೊಂದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ಹಾಗಾಗಿ "ಸುಮ್ನೆ ಪಾಡ್‌ಕಾಸ್ಟ್ ಮಾಡಿ" ಅನ್ನುವುದು ಮಾತಿನ ಕಾರ್ಯಕ್ರಮಕ್ಕೆ ಸರಿ, ಹಾಡಿನ ಕಾರ್ಯಕ್ರಮಕ್ಕೆ ಅಷ್ಟು ಸುಲಭ ಅಲ್ಲ.

ಕೆರೆಏರಿ

ಇದುವರೆಗೆ ಸುಮ್ನೆ ಓದುತ್ತಿದ್ದೆ. ನಮ್ಮ ಕಡೆ ಹೇಗೆ ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಇಲ್ಲಿ ಒಂದು ಸಮುದಾಯ ಬಾನುಲಿಯಲ್ಲಿ ಆರು ವರ್ಷ ಕೆಲಸ ಮಾಡಿದವಳು.

ನಮ್ಮಲ್ಲಿ ಮಾರುವ ಹಾಗೇ ಇಲ್ಲ. ಕೇಂದ್ರ ಸರ್ಕಾರದ ಜೊತೆ ಮಾಡಿಕೊಳ್ಳುವ ಅನುಮತಿ ಒಪ್ಪಂದದಲ್ಲೇ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಅಂತ ಇದೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಗಾಳಿಯಲೆ ಸಾರ್ವಜನಿಕರ ಸ್ವತ್ತು ಅಂತ ಹೇಳಿತು. ಅದು ಕ್ರಿಕೆಟ್ ಪ್ರಸಾರದ ಜಗಳದಲ್ಲಿ ಬಂದ ತೀರ್ಪು. ಅದಾದ ಮೇಲೂ ಬಾಗಿಲು ತೆರೆಯೋಕೆ ವರ್ಷಗಳು ಹಿಡಿದವು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಕೊಟ್ಟರು. 2004ರಲ್ಲಿ ಚೆನ್ನೈನ ಅಣ್ಣಾ ಎಫ್‌ಎಂ ಶುರುವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ದಾರಿ ಆಗಿದ್ದು 2006ರಲ್ಲಿ. ಅಷ್ಟರೊಳಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿಯವರು ಲೈಸೆನ್ಸಿಗೆ ಕಾಯದೆ ಕೇಬಲ್ ಎಳೆದು ಟಿವಿ ಪೆಟ್ಟಿಗೆಯಿಂದಲೇ ರೇಡಿಯೋ ಕೇಳಿಸಿಬಿಟ್ಟಿದ್ದರು. ಗಾಳಿ ಸಿಗದಿದ್ದರೆ ತಂತಿ, ಹೇಗಿದೆ ನೋಡಿ!

ನಿಯಮ ಎಲ್ಲ ಚೆನ್ನಾಗಿವೆ. ನೂರು ವ್ಯಾಟ್, ಸುಮಾರು ಹತ್ತು ಕಿಲೋಮೀಟರ್. ಅರ್ಧದಷ್ಟಾದರೂ ಕಾರ್ಯಕ್ರಮ ಅಲ್ಲೇ ತಯಾರಾಗಬೇಕು. ಮಾರುವಂತಿಲ್ಲ. ಈಗ ದೇಶದಲ್ಲಿ ಐನೂರಕ್ಕೂ ಹೆಚ್ಚು ಸ್ಟೇಷನ್ ಇವೆ.

ಮಾರುವ ಹಾಗಿಲ್ಲ ಅಂದ ಮಾತ್ರಕ್ಕೆ ಉಳಿಯುತ್ತೆ ಅಂತಲ್ಲ ಮೇಡಂ. ನಾನಿದ್ದ ಕಡೆ (ಹೆಸರು ಬೇಡ) ಸ್ಟೇಷನ್ ಒಂದು ಸಂಸ್ಥೆಯದು. ಶುರುವಿನಲ್ಲಿ ಹಳ್ಳಿಯ ಹೆಂಗಸರನ್ನು ಕರೆಸಿ ತರಬೇತಿ ಕೊಟ್ಟರು. ಸೋಬಾನೆ ಪದ ಹಾಡುವ ಅಜ್ಜಿಯೊಬ್ಬರು ಮೈಕ್ ನೋಡಿ ಮೊದಲ ದಿನ ತಲೆಗೆ ಸೆರಗು ಹೊದ್ದುಕೊಂಡು ಕೂತರು, ದೇವರ ಮುಂದೆ ಕೂತ ಹಾಗೆ. ಎರಡನೇ ವರ್ಷಕ್ಕೆ ಅವರೇ ನನಗೆ "ಲೆವೆಲ್ಲು ಜಾಸ್ತಿ ಆಯ್ತು ಕಣವ್ವ, ಇಳಿಸು" ಅನ್ನುತ್ತಿದ್ದರು. ಆಮೇಲೆ ಮೇಲಿನವರು ಬದಲಾದರು. ಹೆಂಗಸರಿಗೆ ಕೊಡುತ್ತಿದ್ದ ಬಸ್ ಚಾರ್ಜು ನಿಂತಿತು. ಅದು ನಿಂತ ಮೇಲೆ ಅವರು ಬರುವುದು ನಿಂತಿತು. ಆ ಹೊತ್ತಿಗೆ ಸಂಸ್ಥೆಯ ಕೋರ್ಸುಗಳ ಬಗ್ಗೆ ಮಾತು, ಸಮಾರಂಭದ ಭಾಷಣದ ಮರುಪ್ರಸಾರ, ಉಳಿದ ಹೊತ್ತು ಕಂಪ್ಯೂಟರಿನಿಂದ ಸಿನಿಮಾ ಹಾಡು. ಯಾರೂ ಮಾರಲಿಲ್ಲ. ಯಾರೂ ಇಮೇಲ್ ಕಳಿಸಲಿಲ್ಲ. ಫ್ರೀಕ್ವೆನ್ಸಿ ಅದೇ, ಬೋರ್ಡೂ ಅದೇ. ನಿಮಗೆ ಆರು ಸಾಲಾದರೂ ಬಂತು.

ಭಾನುವಾರದ ದನಿ

ಕೆರೆಏರಿ ಅವರೇ, ಬಸ್ ಚಾರ್ಜಿನ ಮಾತು ಎದೆಗೆ ತಾಕಿತು. ನಿಮ್ಮ ಅಜ್ಜಿಯ ಪದಗಳ ರೆಕಾರ್ಡಿಂಗ್ ಉಳಿದಿದೆಯಾ?

ಕೆರೆಏರಿ

ಸ್ವಲ್ಪ ನನ್ನ ಪೆನ್‌ಡ್ರೈವಿನಲ್ಲಿ ಇದೆ. ಉಳಿದದ್ದು ಸ್ಟೇಷನ್ ಕಂಪ್ಯೂಟರಿನಲ್ಲಿತ್ತು. ಅದನ್ನು ಫಾರ್ಮ್ಯಾಟ್ ಮಾಡಿದರು.

ನೇರಮಾತು

ಕೆರೆಏರಿ ಮೇಡಂ ಹೇಳಿದ್ದರಲ್ಲಿ ನನ್ನ ಮಾತೇ ಇದೆ. ಬಸ್ ಚಾರ್ಜು ಕೊಡೋಕೆ ದುಡ್ಡು ಬೇಕು. ನಮ್ಮಲ್ಲಿ ಜಾಹೀರಾತಿಗೆ ಎಷ್ಟು ಅವಕಾಶ ಇದೆ ಈಗ?

ಕೆರೆಏರಿ

ಮೊದಲು ಗಂಟೆಗೆ ಐದು ನಿಮಿಷ ಇತ್ತು, ಆಮೇಲೆ ಏಳು, 2024ರಿಂದ ಹನ್ನೆರಡು. ನಿಮಿಷ ಏನೋ ಕೊಟ್ಟರು. ಹತ್ತು ಕಿಲೋಮೀಟರ್ ಒಳಗೆ ಜಾಹೀರಾತು ಕೊಡುವಷ್ಟು ಅಂಗಡಿಗಳು ಇರಬೇಕಲ್ಲ ಸರ್. ಸುದ್ದಿ ಓದುವ ಹಾಗೂ ಇಲ್ಲ. ಊರಲ್ಲಿ ಜನ ಮೊದಲು ಕೇಳುವುದೇ "ಇವತ್ತು ಏನಾಯ್ತು" ಅಂತ. ಅದನ್ನು ಬಿಟ್ಟು ಬೇರೆಲ್ಲ ಹೇಳಿ ಅನ್ನುತ್ತಾರೆ.

ಯಾದವಗಿರಿ ಹಳಬ

ನಾನು ಈ ವೇದಿಕೆಯಲ್ಲಿ ಬರೆಯುವುದು ಅಪರೂಪ. ವಯಸ್ಸಾಗಿದೆ, ಟೈಪ್ ಮಾಡೋಕೆ ಹೊತ್ತು ಹಿಡಿಯುತ್ತೆ. ಆದರೆ "ಸ್ಟೇಷನ್ ಯಾರದು" ಅಂತ ಮಾತು ಬಂದಾಗ ಮೈಸೂರಿನವನು ಸುಮ್ಮನಿರೋಕೆ ಆಗಲ್ಲ.

ಆಕಾಶವಾಣಿ ಅನ್ನುವ ಹೆಸರು ರೇಡಿಯೋಗೆ ಮೊದಲು ಬಂದದ್ದು ದೆಹಲಿಯಿಂದ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಮೂವತ್ತು ವ್ಯಾಟ್ ಅಂದರೆ ಗೊತ್ತಾಯಿತಲ್ಲ, ಒಂದು ಬಲ್ಬಿನಷ್ಟು. ನೀವು ಇವತ್ತು ಸಮುದಾಯ ರೇಡಿಯೋ ಅನ್ನುತ್ತೀರಲ್ಲ, ಅದೇ ಅದು. ಮನೆ, ಮೇಷ್ಟ್ರು, ಊರಿನ ಸಂಗೀತಗಾರರು.

ಆಮೇಲೆ ಅದು ಸಂಸ್ಥಾನದ ಸರ್ಕಾರಕ್ಕೆ ಹೋಯಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋ ವಹಿಸಿಕೊಂಡಿತು. 1955ರಲ್ಲಿ ಕೇಂದ್ರವನ್ನೇ ಬೆಂಗಳೂರಿಗೆ ಒಯ್ದರು. ಹೆಸರು ಇಡೀ ದೇಶಕ್ಕಾಯಿತು, ಹೆಸರಿಟ್ಟ ಊರಿಗೆ ಸ್ಟೇಷನ್ ಇಲ್ಲ. ಮೈಸೂರಿಗೆ ಮತ್ತೆ ಬಂದದ್ದು 1974ರಲ್ಲಿ. ನಾನು ಆಗ ಹುಡುಗ. ನಮ್ಮಪ್ಪ ಮರ್ಫಿ ರೇಡಿಯೋದ ಬಟ್ಟೆ ಹೊದಿಕೆ ತೆಗೆದು, ಮೊದಲು ಧೂಳು ಒರೆಸಿ, ಆಮೇಲೆ ಕಿವಿ ಹಿಂಡಿದ್ದು ನೆನಪಿದೆ. "ನಮ್ಮದು ವಾಪಸ್ ಬಂತು" ಅಂದರು. ಅವರದು ಅಂತ ಯಾವ ಕಾಗದದಲ್ಲಿತ್ತೋ ನನಗೆ ಗೊತ್ತಿಲ್ಲ.

ಹತ್ತೊಂಬತ್ತು ವರ್ಷ ಕಾಯಬೇಕಾಯಿತಮ್ಮ. ನಿಮಗೆ ಅಷ್ಟು ಹಿಡಿಯದಿರಲಿ.

ಬೆಳಗಿನ ಬಸ್ಸು

ಸಾರ್, ದಯವಿಟ್ಟು ಇನ್ನೂ ಬರೆಯಿರಿ. ನಿಧಾನವಾಗಿಯೇ ಟೈಪ್ ಮಾಡಿ, ಕಾಯುತ್ತೇವೆ.

ಟವರ್ ಕೆಳಗಿನವ

ವಾಪಸ್ ಬಂದ ಕಥೆ ಅಲ್ಲೂ ಇವೆ. ಎರಡು ಹೇಳುತ್ತೇನೆ.

ನ್ಯೂಜೆರ್ಸಿಯಲ್ಲಿ ಅಪ್ಸಾಲಾ ಅಂತ ಒಂದು ಕಾಲೇಜಿತ್ತು. ಅದರ ರೇಡಿಯೋ ಡಬ್ಲ್ಯುಎಫ್‌ಎಂಯು. ಕಾಲೇಜು ಸಾಲದಲ್ಲಿ ಮುಳುಗುತ್ತಿದೆ ಅಂತ ಗೊತ್ತಾದಾಗ ಸ್ಟೇಷನ್ನಿನವರು, ಕೇಳುಗರು ಸೇರಿ ಒಂದು ಲಾಭರಹಿತ ಸಂಸ್ಥೆ ಮಾಡಿಕೊಂಡು ಲೈಸೆನ್ಸನ್ನೇ ಕೊಂಡುಕೊಂಡರು. 1995ರಲ್ಲಿ ಕಾಲೇಜು ಮುಚ್ಚಿತು. ಸ್ಟೇಷನ್ ಇವತ್ತಿಗೂ ನಡೆಯುತ್ತಿದೆ, ಮನಸ್ಸಿಗೆ ಬಂದದ್ದನ್ನೆಲ್ಲ ಹಾಕುತ್ತಾರೆ. ಇಲ್ಲಿ ಗಮನಿಸಬೇಕಾದ್ದು ಒಂದೇ. ಅವರು ಕೊಂಡಿದ್ದು ಮಾರಾಟದ ಸುದ್ದಿ ಬಂದ ಮೇಲಲ್ಲ, ಬರುವ ಮುಂಚೆ.

ಇನ್ನೊಂದು ಹ್ಯೂಸ್ಟನ್ನಿನದು. ರೈಸ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೆಟಿಆರ್‌ಯು ಸ್ಟೇಷನ್ನಿನ 91.7ನ್ನು 95 ಲಕ್ಷ ಡಾಲರಿಗೆ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಮಾರಿತು. 2010ರಲ್ಲಿ ಸುದ್ದಿ ಹೊರಬಂತು, ಮರುವರ್ಷ ಕೈ ಬದಲಾಯಿತು. ಕೊಂಡವರು ಅದನ್ನು ಶಾಸ್ತ್ರೀಯ ಸಂಗೀತಕ್ಕೆ ಇಟ್ಟರು. ಐದು ವರ್ಷದಲ್ಲಿ ಅವರೂ ಮಾರಿದರು, ಒಂದು ಕ್ರೈಸ್ತ ಸಂಗೀತದ ಸಂಸ್ಥೆಗೆ. ಹುಡುಗರ ಪಾಪ್ ಗೀಪ್ ತೆಗೆದು ಒಳ್ಳೆಯ ಸಂಗೀತ ಕೊಡುತ್ತೇವೆ ಅಂದವರ ಮಾತು ಎಷ್ಟು ದಿನ ನಿಂತಿತು ನೋಡಿ. ಅಷ್ಟರಲ್ಲಿ, 2015ರಲ್ಲಿ, ರೈಸ್ ಹುಡುಗರು 96.1ರಲ್ಲಿ ಒಂದು ಪುಟ್ಟ ಸ್ಟೇಷನ್ ಹಾಕಿಕೊಂಡು ಗಾಳಿಗೆ ವಾಪಸ್ ಬಂದಿದ್ದರು.

ಆ ಪುಟ್ಟ ಸ್ಟೇಷನ್ ಅನ್ನುವುದು ಎಲ್‌ಪಿಎಫ್‌ಎಂ. ಕಡಿಮೆ ಶಕ್ತಿಯದು, ಹೆಚ್ಚೆಂದರೆ ನೂರು ವ್ಯಾಟ್, ಹೆಚ್ಚುಕಮ್ಮಿ ನಮ್ಮ ಸಮುದಾಯ ರೇಡಿಯೋದಷ್ಟೇ. 2000ದಲ್ಲಿ ಶುರುವಾಯಿತು. ದೊಡ್ಡ ಸ್ಟೇಷನ್ನುಗಳು ಅಡ್ಡಿಯಾಗುತ್ತೆ ಅಂತ ತಗಾದೆ ತೆಗೆದವು, 2011ರ ಜನವರಿಯಲ್ಲಿ ಕಾನೂನು ಸಡಿಲವಾದ ಮೇಲೆ ದೊಡ್ಡ ಊರುಗಳಿಗೂ ಬಂತು. ಸಮಸ್ಯೆ ಏನೆಂದರೆ ಅರ್ಜಿ ಹಾಕೋಕೆ ಯಾವಾಗ ಬೇಕಾದರೂ ಆಗಲ್ಲ. 2013ರಲ್ಲಿ ಕಿಟಕಿ ತೆರೆದರು, ಆಮೇಲೆ ಹತ್ತು ವರ್ಷ ಬಿಟ್ಟು 2023ರ ಡಿಸೆಂಬರಿನಲ್ಲಿ. ನಮ್ಮೂರ ಕೆರೆ ಕೋಡಿ ಬಿದ್ದ ಹಾಗೆ.

ನೇರಮಾತು

ಅಂದರೆ ಮುಂದಿನ ಕಿಟಕಿಗೆ ಈಗಲೇ ಸಂಸ್ಥೆ ನೋಂದಣಿ ಮಾಡಿಸಿಕೊಂಡು ಕೂತಿರಬೇಕು. ಲೈಸೆನ್ಸ್ ಸ್ವಯಂಸೇವಕರ ಹೆಸರಿನ ಸಂಸ್ಥೆಗೇ ಸಿಗಬೇಕು, ಕಾಲೇಜು ಗೀಲೇಜು ಮಧ್ಯೆ ಬರಬಾರದು. ಮೇಡಂ, ನಿಮ್ಮ ಹದಿನಾಲ್ಕು ಜನರ ಪಟ್ಟಿ ಇಟ್ಟುಕೊಂಡಿದ್ದೀರಾ? ಗಂಡನನ್ನೂ ಸೇರಿಸಿ.

ಬೆಳಗಿನ ಬಸ್ಸು

ಓಹೋ, ನೇರಮಾತು ಸಾರ್ ಪಕ್ಷ ಬದಲಾಯಿಸಿದರು!

ನೇರಮಾತು

ಪಕ್ಷ ಗಿಕ್ಷ ಇಲ್ಲ. ನಾನು ಮೊದಲಿಂದ ಹೇಳಿದ್ದು ಲೆಕ್ಕ ಇಡಿ ಅಂತ.

ಭಾನುವಾರದ ದನಿ

ಪಟ್ಟಿ ಇದೆ. ಇವತ್ತು ಎಂಟು ಜನ ಪೋಲ್ಕಾ ಅಜ್ಜನ ಮನೆಯಲ್ಲಿ ಸೇರಿದ್ದೆವು. ಸಂಸ್ಥೆಯ ನಿಯಮಾವಳಿ ತೆಗೆಸಿದ್ದೇವೆ. ನಮ್ಮಲ್ಲೊಬ್ಬರು ವಕೀಲರು ಅದನ್ನು ಓದಿ, ಸ್ವಯಂಸೇವಕರು "ಸದಸ್ಯರು" ಅಂತ ಎಲ್ಲೂ ಬರೆದಿಲ್ಲ ಅಂದರು. ಮತ ಹಾಕುವ ಹಕ್ಕಿದ್ದದ್ದು ಮಂಡಳಿಯ ಏಳು ಜನಕ್ಕೆ. ನಾವು ಬರೀ ಕೀಲಿಕೈ ಇದ್ದವರು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಆ ಕಾಗದ ಓದಬೇಕು ಅಂತ ನನಗೆ ಅನ್ನಿಸಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೂ ತಕರಾರು ಹಾಕುತ್ತೇವೆ. ಗೆಲ್ಲುತ್ತೇವೆ ಅಂತಲ್ಲ, ಕಡತದಲ್ಲಿ ನಮ್ಮ ಹೆಸರಾದರೂ ಇರಲಿ.

ಹೋದ ಭಾನುವಾರದ ಮಾತು ಒಂದು ಹೇಳುತ್ತೇನೆ. ಅಭ್ಯಾಸಬಲ, ಆರೂವರೆಗೆ ಎಚ್ಚರವಾಯಿತು. ಅಡುಗೆಮನೆಯ ರೇಡಿಯೋ ಹಾಕಿದೆ. ಸರಿಯಾಗಿ ಏಳು ಗಂಟೆಗೆ ಹಾಡು ನಿಂತು, ಒಬ್ಬ ಗಂಡಸಿನ ದನಿ ಸ್ಟೇಷನ್ನಿನ ಅಕ್ಷರಗಳನ್ನೂ ನಮ್ಮೂರಿನ ಹೆಸರನ್ನೂ ಹೇಳಿತು. ನಮ್ಮೂರಿನ ಹೆಸರನ್ನು ಅವನು ಉಚ್ಚರಿಸಿದ್ದು ತಪ್ಪು! ಇಲ್ಲಿಯವರು ನಡುವಿನ ಅಕ್ಷರ ನುಂಗಿ ಹೇಳುತ್ತಾರೆ, ಅವನು ಪೂರ್ತಿ ಬಿಡಿಸಿ ಹೇಳಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಂಟು ಗಂಟೆಗೂ ಅದೇ, ಒಂಬತ್ತಕ್ಕೂ ಅದೇ. ಯಾಕೆ ಹೇಳುತ್ತಾರೆ ಅದನ್ನು?

ಟವರ್ ಕೆಳಗಿನವ

ಹೇಳಲೇಬೇಕು. ಗಂಟೆಗೊಮ್ಮೆ ಸ್ಟೇಷನ್ ಗುರುತು ಮತ್ತು ಲೈಸೆನ್ಸ್ ಇರುವ ಊರಿನ ಹೆಸರು ಹೇಳಬೇಕು ಅಂತ ನಿಯಮ. ಮೊದಲು ಊರಿನಲ್ಲಿ ಅಥವಾ ಹತ್ತಿರದಲ್ಲಿ ಸ್ಟುಡಿಯೋ ಇರಬೇಕು ಅಂತಲೂ ಇತ್ತು. ಅದನ್ನು 2017ರಲ್ಲಿ ತೆಗೆದರು. ಈಗ ಊರಿನಲ್ಲಿ ಒಂದು ಟವರ್, ಒಂದು ಬೀಗ ಹಾಕಿದ ಕೋಣೆ ಇದ್ದರೆ ಸಾಕು. ಉಳಿದಿರುವುದು ಹೆಸರು ಮಾತ್ರ. ಉಚ್ಚಾರಣೆಗೆ ನಿಯಮ ಇಲ್ಲ.

ಭಾನುವಾರದ ದನಿ

ಇನ್ನೊಂದು ವಿಷಯ. ಸ್ಟೇಷನ್ ಮ್ಯಾನೇಜರ್ ಪಾಪ ಒಳ್ಳೆಯವರು, ಅವರಿಗೂ ಗುರುವಾರವೇ ಗೊತ್ತಾದದ್ದು. ಹೊರಗೆ ಹೋಗುವಾಗ ಕೋಟಿನೊಳಗೆ ಒಂದು ಹಾರ್ಡ್ ಡಿಸ್ಕ್ ಇಟ್ಟುಕೊಂಡು ಬಂದಿದ್ದಾರೆ. ಪ್ರಸಾರವಾದದ್ದನ್ನೆಲ್ಲ ತನ್ನಷ್ಟಕ್ಕೆ ರೆಕಾರ್ಡ್ ಮಾಡುತ್ತಿದ್ದ ಕಂಪ್ಯೂಟರಿನದು. ನನಗೆ ತಂದುಕೊಟ್ಟರು. ತೆರೆದರೆ ಸಾವಿರಾರು ಕಡತ, ಹೆಸರೆಲ್ಲ ಬರೀ ಅಂಕಿ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೂ ಓಡುತ್ತಿಲ್ಲ. ಯಾರಿಗಾದರೂ ಗೊತ್ತಾ?

ಇಯರ್‌ಫೋನ್

ಅಕ್ಕಾ, ಮೊದಲು ಅದರದ್ದೊಂದು ನಕಲು ಮಾಡಿ ಬೇರೆ ಡಿಸ್ಕಿನಲ್ಲಿಡಿ. ಏನನ್ನೂ ಒತ್ತಬೇಡಿ. ಅಂಕಿಗಳು ದಿನಾಂಕ, ಗಂಟೆ ಇರಬೇಕು. ಒಂದು ಕಡತ ನನಗೆ ಕಳಿಸಿ, ನೋಡುತ್ತೇನೆ. ಕೆರೆಏರಿ ಅಕ್ಕಾ, ನೀವೂ ಆ ಪೆನ್‌ಡ್ರೈವ್ ನಕಲು ಮಾಡಿಡಿ, ಇವತ್ತೇ.

ಕೆರೆಏರಿ

ಮಾಡಿದೆ. ಎರಡು ಕಡೆ.

ಇಯರ್‌ಫೋನ್

ಭಾನುವಾರದ ಅಕ್ಕಾ, ನೀವು ಕಳಿಸಿದ್ದು ತೆರೆಯಿತು. ಹೆಸರಿನ ಕೊನೆಗೆ ಎಕ್ಸ್‌ಟೆನ್ಷನ್ ಇರಲಿಲ್ಲ ಅಷ್ಟೇ, ಒಳಗೆ ಮಾಮೂಲಿ ಎಂಪಿ3. ಕಂಪ್ಯೂಟರ್ ಗಡಿಯಾರ ಎರಡು ನಿಮಿಷ ಮುಂದಿತ್ತು ಅಂತ ಕಾಣುತ್ತೆ, ಶುರುವಿನಲ್ಲಿ ಅಕಾರ್ಡಿಯನ್ ಇದೆ, ಅದೇ ಪೋಲ್ಕಾ ಇರಬೇಕು. ಆಮೇಲೆ ಅಜ್ಜ ಏನೋ ಹೇಳಿ ನಗುತ್ತಾರೆ. ಕುರ್ಚಿ ಕಿರ್ ಅನ್ನುತ್ತೆ. ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ನೀವು, ತುಂಬಾ ಹತ್ತಿರದಿಂದ, ಕನ್ನಡದಲ್ಲಿ, "ಇದು ಆನ್ ಇದೆಯಾ?" ಅಂತ ಕೇಳುತ್ತೀರಿ.